ಖಾಲಿ ಕೊಡಬಾರದು

ಮಾಣಿಕಮ್ಮ ಗಟ್ಟಿ ಪ್ಲಾಸ್ಟಿಕ್ಕಿನ ಕೆಂಪು ಗಾಲಿ ಬ್ಯಾಗನ್ನು ಎರಡೂ ಕೈಯಿಂದ ತಲೆಯ ಮಟ್ಟಕ್ಕೆ ಎತ್ತಿ ಅಂಗಡಿಯ ಮುಂದಿನ ಪರಸಿಗಲ್ಲಿನ ಮೇಲೆ ಧಡ್ಡನೆ ಕುಕ್ಕಿದಳು. ಶಹಾಬಾದಿನ ಬಜಾರಿನಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಅಂಗಡಿಯ ಮಜೀದಸಾಬ ಕೂತಲ್ಲಿಂದ ಎದ್ದೇಬಿಟ್ಟ.

"ಯವ್ವಾ, ಏನ್ ಮಾಡಾಕತ್ತಿ? ತಗೊಳ್ಳೂಕಿಂತ ಮೊದ್ಲೇ ಒಡೀತಿ ಏನು?"

"ಒಡೀತದೋ ಇಲ್ಲೋ ನೋಡಾಕತ್ತೀನಿ."

"ಊರೂರು ತಿರಗೋ ಸೊಸಿಗಿ ಅಂದಿ. ಹಂಗಾದ್ರ ಗಾಲಿ ನೋಡು, ಚೈನು ನೋಡು. ಬಟ್ಟೀದು ಹಗೂರ ಇರ್ತದ, ಟೀಚರ್‌ಗೋಳು ಅದನ್ನೇ ಒಯ್ತಾರ."

"ಬಟ್ಟೀದು ಬ್ಯಾಡ. ನನ್ನ ಮಗ ಎತ್ತಿ ಒಗದ್ರ ತಾಳಬೇಕು."

ಮಜೀದಸಾಬ ಬಟ್ಟೆಯ ಬ್ಯಾಗುಗಳ ಕಡೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಕಲ್ಲಿನ ಪಾಲಿಶ್ ಅಂಗಳದಲ್ಲಿ ಮೇಸ್ತ್ರಿಯಾಗಿರುವ ಅವಳ ಮಗ ಸಂಘಪಾಲ ಕೂಲಿಯವನೊಬ್ಬನ ದವಡೆ ಮುರಿದದ್ದು ಎಲ್ಲರಿಗೂ ಗೊತ್ತಿತ್ತು. ಅವನು ಮನೆಯೊಳಗೆ ಏನು ಮಾಡುತ್ತಾನೆ ಎಂಬುದೂ ಗೊತ್ತಿತ್ತು. ಗೊತ್ತಿದ್ದು ಏನು ಬಂತು? ಬಜಾರು ಅಂಥದ್ದನ್ನೆಲ್ಲ ಕೇಳಿ, ಚಹಾ ಕುಡಿದು, ಮನೆಗೆ ಹೋಗುತ್ತದೆ.

"ಇದು ಮಜಬೂತ ಅದ, ಒಯ್ಯಿ," ಎಂದು ಅವನು ಬ್ಯಾಗಿನ ಧೂಳು ಒರೆಸಿದ.

ಸೊಸೆ ಪೂನಮ್‌ಗೆ ತಿರುಗಾಟ ಎಂದರೆ ಜೀವ. ಮದುವೆಗೆ ಮುಂಚೆ ಗೆಳತಿಯರ ಜೊತೆ ಸಾಂಚಿ, ಅಜಂತಾ ಎಲ್ಲ ನೋಡಿಕೊಂಡು ಬಂದವಳು. ಹೋದ ದಸರಾ ಸೂಟಿಯಲ್ಲಿ ತಾನು ಕಲಿಸುವ ಶಾಲೆಯ ಟೀಚರುಗಳೊಂದಿಗೆ ನಾಗಪುರಕ್ಕೆ ಹೊರಟು ನಿಂತಾಗ ಸಂಘಪಾಲ ಅವಳ ಕೂದಲು ಹಿಡಿದು ಒಳಗೆ ಎಳೆದಿದ್ದ. ಬಟ್ಟೆಯ ಬ್ಯಾಗನ್ನು ಹರಿದು ಮನೆಯ ಹಿಂದಿನ ಕಲ್ಲುಗಣಿಯ ನೀರಿಗೆ ಎಸೆದಿದ್ದ. ಆವತ್ತು ಮಾಣಿಕಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. ಒಳಗಿನ ಸದ್ದು ಕಿವಿಗೆ ಬೀಳಬಾರದೆಂದು ಜೋರಾಗಿ ಬಡಿದಳು. ಪೂನಮ್‌ಳ ಕೈಗೆ ಪಟ್ಟಿ ಹಾಕಿಸಿಕೊಂಡು ಬಂದದ್ದು ಮರುದಿನ.

ಈ ವರ್ಷ "ಸೂಟಿಗಿ ಎಲ್ಲಿಗಿ ಹೊಂಟಿ?" ಎಂದು ಮಾಣಿಕಮ್ಮ ತಾನಾಗಿಯೇ ಕೇಳಿದಾಗ ಪೂನಮ್ "ಎಲ್ಲಿಗೂ ಇಲ್ರಿ ಅತ್ತಿ" ಎಂದು ನಕ್ಕಿದ್ದಳು. ಈ ಸಲ ಹುಡುಗಿ ಹೋಗಲೇಬೇಕು, ಅವ ಏನಾದರೂ ಮಾಡಿಕೊಳ್ಳಲಿ ಎಂದುಕೊಂಡೇ ಮಾಣಿಕಮ್ಮ ಬಜಾರಿಗೆ ಬಂದದ್ದು.

ಮನೆಗೆ ತಂದಮೇಲೆ ಇನ್ನೊಂದು ಯೋಚನೆ ಹತ್ತಿತು. ಖಾಲಿ ಬ್ಯಾಗು ಕೊಡುವುದು ಹೇಗೆ? ಪಕ್ಕದ ತಾಜುನ್ನಿಸಾಳ ಡಬ್ಬಿಯನ್ನೂ ಅವಳು ಒಮ್ಮೆಯೂ ಖಾಲಿ ಮರಳಿಸಿದವಳಲ್ಲ, ಚಿಟಿಕೆ ಸಕ್ಕರೆಯಾದರೂ ಹಾಕುತ್ತಿದ್ದಳು. ಇಷ್ಟು ದೊಡ್ಡ ಬ್ಯಾಗಿಗೆ ಚಿಟಿಕೆ ಸಕ್ಕರೆ ಹಾಕಿದರೆ ನಗೆಪಾಟಲು. ಕೈಚೀಲದ ತುಂಬ ಜೋಳ ಕಟ್ಟಿ ಇಟ್ಟಳು, ಬೆಲ್ಲ ಇಟ್ಟಳು, ಟವೆಲ್ ಇಟ್ಟಳು. ಮೇಲೆ ತನ್ನ ಹಸಿರು ಇಳಕಲ್ ಸೀರೆ ಮಡಚಿಟ್ಟಳು. ಇದ್ದದ್ದರಲ್ಲಿ ಅದೊಂದೇ ಚಂದದ್ದು. ಪೂನಮ್ ಶಾಲೆಯಿಂದ ಬಂದಮೇಲೆ ಕೊಟ್ಟರಾಯಿತು ಎಂದು ಬ್ಯಾಗನ್ನು ಮಂಚದ ಕೆಳಗೆ ತಳ್ಳಿ ಹಿಟ್ಟು ಬೀಸಿಸಲು ಗಿರಣಿಗೆ ಹೋದಳು.

ಗಿರಣಿಯ ಗದ್ದಲದಲ್ಲಿ ತಾಜುನ್ನಿಸಾ ಕೂಗಿದ್ದು ಮೊದಲು ಕೇಳಿಸಲೇ ಇಲ್ಲ. ಅವಳು ಬಂದು ರಟ್ಟೆ ಹಿಡಿದು ಜಗ್ಗಿದಳು.

"ಮಾಣಿಕವ್ವಾ, ಮನಿಗಿ ನಡಿ. ನಿನ್ನ ಮಗ ಅಕೀನ ಕೊಲ್ಲಾಕತ್ಯಾನ."

ಪೂನಮ್ ಮಂಚಕ್ಕೂ ಗೋಡೆಗೂ ನಡುವೆ ಮುದುಡಿ ಕೂತಿದ್ದಳು. ತುಟಿ ಸೀಳಿತ್ತು. ರಕ್ತ ಗದ್ದದಿಂದ ಇಳಿದು ಪರಸಿಯ ಸಂದಿಯಲ್ಲಿ ಹರಿಯುತ್ತಿತ್ತು. ಸಂಘಪಾಲ ಬೆಲ್ಟನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದ. ಮಂಚದ ಕೆಳಗಿಂದ ಅವನು ಎಳೆದ ಕೆಂಪು ಬ್ಯಾಗು ನಡುಮನೆಯಲ್ಲಿ ಬಿದ್ದಿತ್ತು, ಚೈನು ಅರ್ಧ ಬಿಚ್ಚಿ ಹಸಿರು ಸೆರಗು ಹೊರಗೆ ಬಂದಿತ್ತು.

"ಗಂಟು ಕಟ್ಕೊಂಡು ಯಾರ ಜೋಡಿ ಹೊಂಟಿದ್ದಿ? ಹೇಳು."

"ಆ ಬ್ಯಾಗು ನಂದಲ್ರಿ. ನಂಗ ಗೊತ್ತೇ ಇಲ್ರಿ."

ಬೆಲ್ಟು ಬಿತ್ತು. ಅವನು ಮತ್ತೆ ಕೇಳಿದ, ಅವಳು ಮತ್ತೆ ಅದನ್ನೇ ಹೇಳಿದಳು. ನಿಜ ಬಿಟ್ಟು ಬೇರೇನು ಹೇಳಿಯಾಳು ಪಾಪ? ಮತ್ತೆ ಬೆಲ್ಟು ಬಿತ್ತು.

"ಬಿಡೋ ಸಂಘಪಾಲಾ," ಮಾಣಿಕಮ್ಮ ನಡುವೆ ನುಗ್ಗಿದಳು. "ಅದು ನಾ ತಂದದ್ದು. ಅಕೀಗಿ ಕೊಡಾಕ ತಂದೀನಿ. ಖಾಲಿ ಕೊಡಬಾರ್ದಂತ ತುಂಬೀನಿ."

"ಅಕೀನ ಉಳಸಾಕ ಸುಳ್ಳು ಹೇಳಬ್ಯಾಡ."

"ಸೀರಿ ನೋಡು. ಯಾರ್ದು ಅದು?"

ಅವನು ಸೆರಗನ್ನು ಕಾಲಿನಿಂದಲೇ ಎತ್ತಿ ನೋಡಿದ. "ಇಕೀದು. ಮತ್ಯಾರ್ದು?"

ಅವನ ಮದುವೆಯಲ್ಲಿ ಮಾಣಿಕಮ್ಮ ಉಟ್ಟ ಸೀರೆ ಅದು. ಆಮೇಲೆ ಪ್ರತಿ ಹಬ್ಬಕ್ಕೂ ಅದನ್ನೇ ಉಟ್ಟು ಅವನಿಗೆ ಊಟ ಬಡಿಸಿದ್ದಳು. ತಾಯಿಯ ಮೈಮೇಲೆ ಏನಿದೆ ಎಂದು ಮಗ ಒಂದು ಸಲವೂ ಕಣ್ಣೆತ್ತಿ ನೋಡಿರಲಿಲ್ಲ.

ಅವನು ಅವಳನ್ನು ಗೋಡೆಗೆ ನೂಕಿದ. ಬೆಲ್ಟಿನ ಬಕಲು ಈ ಸಲ ಪೂನಮ್‌ಳ ಕಿವಿಗೆ ಬಡಿಯಿತು. ಅವಳಿಂದ ಕೂಗಲೂ ಆಗಲಿಲ್ಲ.

ಮಾಣಿಕಮ್ಮ ಬಗ್ಗಿ ಬ್ಯಾಗಿನ ಹಿಡಿಕೆ ಹಿಡಿದಳು. ಒಳಗೆ ಜೋಳದ ಭಾರವಿತ್ತು. ಅದನ್ನು ಬೀಸಿ ಮಗನ ಮೊಣಕಾಲಿಗೆ ಹೊಡೆದಳು. ಮೂಳೆ ಲಟಕ್ಕೆಂದಿತು. ಅವನು ಕುಸಿದು ಕೂತಾಗ ಬೆಲ್ಟು ಹಿಡಿದ ಕೈಯ ಮೇಲೆ ಕುಕ್ಕಿದಳು. "ಯವ್ವಾ" ಎಂದು ಅರಚಿದ. ಮತ್ತೆ ಕುಕ್ಕಿದಳು. ರೊಟ್ಟಿ ಬಡಿದು ಗಟ್ಟಿಯಾದ ಕೈ ಅದು. ಬೆರಳುಗಳು ಬಿಚ್ಚಿ ಬೆಲ್ಟು ಬೀಳುವವರೆಗೂ ಅವಳು ನಿಲ್ಲಿಸಲಿಲ್ಲ. ಒಳಗಿನ ಚೀಲದ ಗಂಟು ಬಿಚ್ಚಿ ಜೋಳ ಚೆಲ್ಲಿ ರಕ್ತದಲ್ಲಿ ಅಂಟಿತು. ಬ್ಯಾಗು ಒಂದು ಕಡೆಯೂ ಬಿರುಕು ಬಿಟ್ಟಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ತಾಜುನ್ನಿಸಾ ತನ್ನ ದುಪಟ್ಟಾ ತೆಗೆದು ಪೂನಮ್‌ಳ ಕಿವಿಗೆ ಒತ್ತಿ ಹಿಡಿದಳು. ಒಳಗೆ ಸಂಘಪಾಲ ಕೈಯನ್ನು ತೊಡೆಯ ನಡುವೆ ಇಟ್ಟುಕೊಂಡು ಬೈಯುತ್ತಲೂ ಅಳುತ್ತಲೂ ಇದ್ದ. ಮೂವರೂ ಹೊರಗೆ ಬಂದರು. ಮಾಣಿಕಮ್ಮ ಬ್ಯಾಗನ್ನು ಮಾತ್ರ ಬಿಟ್ಟಿರಲಿಲ್ಲ.

"ಎಲ್ಲಿಗ್ರಿ ಅತ್ತಿ?" ಪೂನಮ್ ಊದಿದ ತುಟಿಯಲ್ಲಿ ಕೇಳಿದಳು.

"ಮೊದ್ಲ ದವಾಖಾನಿಗಿ. ಆಮ್ಯಾಗ ವಾಡಿ ಟೇಶನ್ನಿಗಿ. ಅಲ್ಲಿಂದ ಯಾವ ಗಾಡಿ ಎಲ್ಲಿಗಿ ಹೋಗ್ತದ ನಿನಗ ಗೊತ್ತು. ನಾ ಏನ್ ಬಲ್ಲೆ."

ಓಣಿಯ ಪರಸಿಯ ಮೇಲೆ ಗಾಲಿಗಳು ಗಡಗಡ ಎನ್ನತೊಡಗಿದವು. ಅರ್ಧ ತೆರೆದ ಚೈನಿನಿಂದ ಜೋಳ ಉದುರುತ್ತಿತ್ತು, ಯಾರದೋ ಮನೆಯ ಕೋಳಿಗಳು ಹಿಂದೆಯೇ ಹೆಕ್ಕುತ್ತ ಬಂದವು. ಪೂನಮ್ ನಿಂತಳು. ಬಗ್ಗಿ, ಹಸಿರು ಸೆರಗನ್ನು ಒಳಗೆ ತುರುಕಿ ಚೈನು ಎಳೆದಳು.

"ಕೊಡ್ರಿ ಅತ್ತಿ," ಎಂದು ಹಿಡಿಕೆಗೆ ಕೈ ಚಾಚಿದಳು. "ಅದು ನಂದು."