ಪ್ರತಿ ಹೀಟೂ ಬೇರೆ

ಸೋಮವಾರ ಬೆಳಗ್ಗೆ ಜಯಶೀಲಾ ಶಿವಮೊಗ್ಗದ ಗೋಪಾಳದ ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಾಗ ಭದ್ರಾವತಿಯಿಂದ ಹಾಲೇಶನ ಫೋನ್ ಬಂತು.

"ಜಯಕ್ಕ, ಅಪ್ಪಾಜಿ ಲಿಂಗೈಕ್ಯರಾದ್ರು. ಪೂಜೆಗೆ ಕೂತೋರು ಹಾಗೇ ಗೋಡೆಗೆ ಒರಗಿಬಿಟ್ರು."

ಅವಳ ತಂದೆ ಉಜ್ಜನಪ್ಪನವರಿಗೆ ಎಂಬತ್ತಾರು ತುಂಬಿತ್ತು. ಮೂವತ್ತೈದು ವರ್ಷ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತವರು. ನೀಲಿ ಗಾಜಿನಲ್ಲಿ ಒಮ್ಮೆ ಇಣುಕಿದರೆ ಲೋಹ ಎಷ್ಟು ಕಾದಿದೆ ಎಂದು ಹೇಳಿಬಿಡುತ್ತಿದ್ದರು. ಹಾಲೇಶ ಅವರ ಕೈಕೆಳಗೆ ಕೆಲಸ ಕಲಿತವನು.

ಹೆಂಚಿನ ಮೇಲೆ ರೊಟ್ಟಿ ಸೀದುಹೋಯಿತು. ಮಗಳು ಅಕ್ಷರಾ ಬಂದು ಒಲೆ ಆರಿಸಿದಳು. ಸೀಸದ ಪರಮಾಣು ಬೀಜಗಳನ್ನು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಡಿಕ್ಕಿ ಹೊಡೆಸಿದರೆ, ಕ್ಷಣದ ಒಂದು ಚೂರಿನಷ್ಟು ಕಾಲ, ಸೂರ್ಯನ ಒಡಲಿಗಿಂತಲೂ ಎಷ್ಟೋ ಪಟ್ಟು ಬಿಸಿಯಾದ ದ್ರವ್ಯ ಹುಟ್ಟುತ್ತದೆ. ಅಕ್ಷರಾ ಆರು ವರ್ಷದಿಂದ ಅದರ ಮೇಲೆ ಸಂಶೋಧನೆ ನಡೆಸಿದ್ದಳು. ಡಿಕ್ಕಿ ನಡೆಯುವುದು ಜಿನೀವಾದಲ್ಲಿ. ಬರುವ ಅಂಕಿಅಂಶಗಳು ಅವಳ ಕಂಪ್ಯೂಟರಿಗೆ. ಶುಕ್ರವಾರ ಹನ್ನೊಂದಕ್ಕೆ ಪಿಎಚ್.ಡಿ.ಯ ಮೌಖಿಕ ಪರೀಕ್ಷೆ, ಆನ್‌ಲೈನಿನಲ್ಲಿ. ಅಜ್ಜ ಪಕ್ಕದಲ್ಲಿ ಕೂತು ಕೇಳುವುದೆಂದು ಮಾತಾಗಿತ್ತು.

ಮಂಗಳವಾರ ಸಮಾಧಿಯಾಯಿತು. ಅಜ್ಜನ ಹೆಸರಿನ ಶಿವಗಣಾರಾಧನೆಗೂ ಶುಕ್ರವಾರವೇ ನಿಗದಿಯಾಯಿತು.

"ನನ್ನ ಕೈಲಾಗಲ್ಲಮ್ಮ," ಎಂದಳು ಅಕ್ಷರಾ. "ಬಾಯಿ ತೆಗೆದ್ರೆ ಅಳು ಬರುತ್ತೆ. ಮುಂದಕ್ಕೆ ಹಾಕ್ಸ್ತೀನಿ."

"ಹಾಕ್ಸಿದ್ರೆ ಏನಾಗುತ್ತೆ?"

"ಪರೀಕ್ಷಕರು ಆರು ತಿಂಗಳು ಸಿಗಲ್ಲ. ಕೋಲ್ಕತ್ತದಲ್ಲಿ ಸಿಕ್ಕಿರೋ ಕೆಲಸ ತಪ್ಪುತ್ತೆ."

"ತಪ್ಪಲಿ ಬಿಡು ಮಾರಾಯ್ತಿ," ಎಂದ ಜಯಶೀಲಾಳ ದೊಡ್ಡಪ್ಪನ ಮಗ ಮೂರ್ತಪ್ಪ. "ಸೂತಕದ ಮನೇಲಿ ಪರೀಕ್ಷೆ ಏನು?"

ಜಯಶೀಲಾ ತಲೆಯೆತ್ತಿದಳು. "ಲಿಂಗ ಕಟ್ಟಿದೋರಿಗೆ ಯಾವ ಸೂತಕ ಮೂರ್ತಣ್ಣ? ಯಾರ ಮನೇಲಿ ಕಲ್ತು ಬಂದೆ ಇದ್ನ? ಅಪ್ಪ ಶಿವನ ಹತ್ರ ಹೋಗಿದಾರೆ. ಇವಳು ಅಪ್ಪನ ಮನೇಲೇ ಕೂತು ಪರೀಕ್ಷೆ ಕೊಡ್ತಾಳೆ."

ಮೂರ್ತಪ್ಪ ಕೆಮ್ಮಿ, ಶಾಮಿಯಾನದವನಿಗೆ ಫೋನ್ ಮಾಡಲು ಎದ್ದ.

ಶುಕ್ರವಾರ ಭದ್ರಾವತಿಯ ನ್ಯೂ ಟೌನಿನಲ್ಲಿ ಉಜ್ಜನಪ್ಪನವರ ಮನೆಯ ಮುಂದೆ ಶಾಮಿಯಾನ ಎದ್ದಿತು. ಜಂಗಮರ ಪಾದಪೂಜೆ ಮುಗಿದು ಗೋಧಿ ಹುಗ್ಗಿಯ ಘಮ ಹರಡಿತ್ತು. ಒಳಕೋಣೆಯಲ್ಲಿ ಅಕ್ಷರಾ ಹಣೆಗೆ ವಿಭೂತಿ ಇಟ್ಟು ಲ್ಯಾಪ್‌ಟಾಪಿನ ಮುಂದೆ ಕೂತಳು. ಜಯಶೀಲಾ ಬಾಗಿಲ ಹೊರಗೆ ನಿಂತಳು.

ಮೊದಲ ಅರ್ಧ ಗಂಟೆ ಸಲೀಸಾಗಿ ನಡೆಯಿತು. ಆಮೇಲೆ ಪರೀಕ್ಷಕರಾದ ವಿಷ್ಣುಪ್ರಸಾದರು ಕೇಳಿದರು: "ಒಂದೊಂದು ಡಿಕ್ಕಿಯಲ್ಲೂ ಒಂದೊಂದು ಉತ್ತರ ಬಂದಿದೆಯಲ್ಲ, ಯಾವುದನ್ನು ನಂಬೋಣ?"

ಅಕ್ಷರಾ ಅಜ್ಜ ಕೂರಬೇಕಿದ್ದ ಪಕ್ಕದ ಕುರ್ಚಿ ನೋಡಿದಳು. ಆ ಕಡೆಯವರು ಕಾದರು. ಜಯಶೀಲಾ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಳು.

"ಪ್ರತಿ ಹೀಟೂ ಬೇರೆ ಸರ್."

"ಹೀಟ್? ಶಾಖವೇ?"

ಅಕ್ಷರಾ ನಾಲಿಗೆ ಕಚ್ಚಿಕೊಂಡಳು. ಅಜ್ಜನ ಮನೆಯ ಮಾತು ಬಾಯಿಗೆ ಬಂದಿತ್ತು. "ಅಲ್ಲ ಸರ್. ನಮ್ಮೂರಲ್ಲಿ ಕುಲುಮೆ ಒಂದ್ಸಲ ತುಂಬಿ, ಕರಗಿಸಿ, ಸುರಿದ್ರೆ ಅದು ಒಂದು ಹೀಟ್. ಎರಡು ಹೀಟ್ ಒಂದೇ ಥರ ಬರಲ್ಲ. ಅದಕ್ಕೇ ಒಂದನ್ನ ನೋಡಿ ಕುಲುಮೆ ಬಗ್ಗೆ ಏನೂ ಹೇಳಲ್ಲ. ಸಾವಿರ ಹೀಟ್ ನೋಡ್ತಾರೆ. ಒಂದಕ್ಕೊಂದು ಎಷ್ಟು ಬೇರೆ ಅನ್ನೋದೇ ಕುಲುಮೆಯ ಗುಣ ಹೇಳುತ್ತೆ. ನಾನೂ ಕೋಟಿಗಟ್ಟಲೆ ಡಿಕ್ಕಿ ನೋಡಿ ಅದನ್ನೇ ಅಳೆದಿದೀನಿ."

ವಿಷ್ಣುಪ್ರಸಾದರು ಜೋರಾಗಿ ನಕ್ಕರು. "ಇದನ್ನು ಪ್ರಬಂಧದಲ್ಲಿ ಯಾಕೆ ಬರೆಯಲಿಲ್ಲ? ಮುಂದುವರಿಸಿ."

ಆಮೇಲೆ ಅವಳ ಮಾತು ನಿಲ್ಲಲಿಲ್ಲ. ಹನ್ನೆರಡೂವರೆಗೆ "ಅಭಿನಂದನೆ, ಡಾಕ್ಟರ್ ಅಕ್ಷರಾ" ಎಂಬುದು ಹೊರಗಿನವರಿಗೂ ಕೇಳಿಸಿತು.

ಅಕ್ಷರಾ ಹೊರಬಂದು ಊಟಕ್ಕೆ ಕೂತಾಗ, ಪಂಕ್ತಿಯಲ್ಲಿದ್ದ ಹಾಲೇಶ ಕೂಗಿದ: "ಡಾಕ್ಟ್ರೇ, ನಿಮ್ಮಲ್ಲಿ ಒಂದ್ ಹೀಟಿಗೆ ಎಷ್ಟು ಟನ್ ಹಾಕ್ತೀರಾ?"

"ಟನ್ ಅಲ್ಲ ಮಾಮ, ಸೀಸದ ಎರಡು ಬೀಜ."

"ಎರಡೇ? ಯಂತ್ರ ಎಷ್ಟುದ್ದ?"

"ಸುತ್ತಳತೆ ಇಪ್ಪತ್ತೇಳು ಕಿಲೋಮೀಟರ್."

"ಇಲ್ಲಿಂದ ಶಿವಮೊಗ್ಗ ದಾಟುತ್ತಲ್ಲೇ ಮಾರಾಯ್ತಿ! ಎರಡು ಬೀಜಕ್ಕೆ ಅಷ್ಟು ದೊಡ್ಡ ಕುಲುಮೇನಾ? ನಮ್ ಕಾರ್ಖಾನೇಲಿ ಹಿಂಗ್ ಮಾಡಿದ್ರೆ ಮೆಮೋ ಕೊಡೋರು!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮೂರ್ತಪ್ಪ ಅಕ್ಷರಾಳ ಎಲೆಗೆ ತಾನೇ ಎರಡು ಸೌಟು ಹುಗ್ಗಿ ಬಡಿಸಿ, ಮೇಲೆ ತುಪ್ಪ ಸುರಿದ.

ಜಯಶೀಲಾ ಒಳಗೆ ಬಂದಳು. ಕೋಣೆಯಲ್ಲಿ ಯಾರೂ ಇರಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು.

"ಶಿವನೇ, ನಮ್ಮಪ್ಪನ ಜೀವ ನಿನ್ನಲ್ಲಿ ತಣ್ಣಗಿರಲಿ."