ಅಣ್ಣ ತಂದ ವೈರ್‌ಲೆಸ್

ನನ್ನನ್ನು ಒಂದು ಮಾತೂ ಕೇಳದೆ ಅಣ್ಣ ಹಿಂದಿನ ಸಂಜೆ ಮನೆಯ ಕಂಪ್ಯೂಟರನ್ನು ಪೂರ್ತಿ ಅಳಿಸಿ, ವಿಂಡೋಸ್ ಇದ್ದ ಜಾಗಕ್ಕೆ ಲಿನಕ್ಸ್ ಹಾಕಿಬಿಟ್ಟಿದ್ದ. ಬೆಳಿಗ್ಗೆ ನೋಡಿದರೆ ಪರದೆಯೇನೋ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ವೈ-ಫೈ ಮಾತ್ರ ನಾಪತ್ತೆ.

ಅದೇ ಮಧ್ಯಾಹ್ನ ನನಗೆ ಆನ್‌ಲೈನ್ ಪರೀಕ್ಷೆ. ಮಕ್ಕಳ ಪುಸ್ತಕ ಮಾಡುವ ಪ್ರಕಾಶನವೊಂದರಲ್ಲಿ ಕಥೆಗಳನ್ನು ಅನುವಾದಿಸುವ ಕೆಲಸಕ್ಕೆ. ಅಜ್ಜಿಯ ಮಡಿಲಲ್ಲಿ ಕಥೆಗಳಿಗೆ ಕಿವಿಯಾಗಿ ಬೆಳೆದವಳಿಗೆ ಇದಕ್ಕಿಂತ ಇನ್ನೇನು ಬೇಕು? ಪರೀಕ್ಷೆಯ ಪುಟ ಮೊಬೈಲಿನಲ್ಲಿ ತೆರೆಯುವುದಿಲ್ಲ, ಕಂಪ್ಯೂಟರೇ ಆಗಬೇಕು. ಒಮ್ಮೆ ತೆರೆದದ್ದನ್ನು ಮುಚ್ಚಿದರೆ ಮುಗಿಯಿತು, ಮತ್ತೆ ಅವಕಾಶವಿಲ್ಲ.

"ಯಾಕೋ ಹೀಗ್ ಮಾಡ್ದೆ?"

"ಹಳೇದು ಆಮೆ ಥರ ತೆವಳ್ತಿತ್ತು. ಇದು ಮುಕ್ತ ಕಣೇ, ಯಾರಪ್ಪನ ಆಸ್ತಿನೂ ಅಲ್ಲ."

"ಕಂಪ್ಯೂಟರ್ ನಿನ್ನಪ್ಪನ ಆಸ್ತಿನಾ?"

"ಇಬ್ರಿಗೂ ಅಪ್ಪ ಒಬ್ಬನೇ, ಕಿರುಚಬೇಡಿ," ಎಂದಳು ಒಳಗಿನಿಂದ ಅಮ್ಮ.

ವೈ-ಫೈ ಪೆಟ್ಟಿಗೆ ಇದ್ದದ್ದು ಮೇಲಿನ ಮನೆಯ ಚಿಕ್ಕಪ್ಪನ ಗೋಡೆಯಲ್ಲಿ. ಅದನ್ನು ಹಿಡಿಯಲು ಕಂಪ್ಯೂಟರಿಗೆ ಡ್ರೈವರ್ ಎಂಬ ತಂತ್ರಾಂಶ ಬೇಕು; ಡ್ರೈವರ್ ತರಲು ಇಂಟರ್ನೆಟ್ ಬೇಕು. ಅಣ್ಣ ಗೆಳೆಯನ ಅಂಗಡಿಗೆ ಓಡಿ ಪೆನ್‌ಡ್ರೈವಿನಲ್ಲಿ ಅದನ್ನು ತಂದ. ಅದು ಇನ್ನೊಂದು ಕಡತ ಕೇಳಿತು. ಮತ್ತೆ ಓಡಿದ. ಆ ಕಡತ ಮಗದೊಂದನ್ನು ಕೇಳಿತು. ಬಾಯಾರಿದ ಇರುವೆ ಬಾವಿಯ ಹತ್ತಿರ ಹೋದರೆ ಬಾವಿ ಹಗ್ಗ ಕೇಳಿತಂತೆ, ಹಗ್ಗ ನಾರು ಕೇಳಿತಂತೆ, ನಾರು ಗಿಡವನ್ನು ತೋರಿಸಿತಂತೆ, ಗಿಡ ನೀರು ಕೇಳಿತಂತೆ. ಅಜ್ಜಿ ಆ ಕಥೆ ಹೇಳುವಾಗ ನಗು ಬರುತ್ತಿತ್ತು. ಈಗ ಮೈಯೆಲ್ಲ ಉರಿಯಿತು.

"ಅಮ್ಮನ ಫೋನಿಂದ ಇಂಟರ್ನೆಟ್ ಕೊಡೋಣ, ಚಾರ್ಜರ್ ವೈರ್ ಸಿಕ್ಸಿ," ಎಂದೆ.

"ಥೂ! ವೈರ್ ಸಿಕ್ಸೋಕೆ ನಾನ್ಯಾಕೆ ಬೇಕು? ಕನಸಮ್ಮ, ನೀನು ಕಥೆ ನೋಡ್ಕೋ, ಇದು ನಿನಗೆ ತಿಳಿಯಲ್ಲ."

ಅವನು ಮತ್ತೆ ಅಂಗಡಿಗೆ ಹೋದಾಗ ನಾನೇ ಸಿಕ್ಕಿಸಿದೆ. ಫೋನಿನಲ್ಲಿ ಇಂಟರ್ನೆಟ್ ಹಂಚುವ ಗುಂಡಿ ಒತ್ತಿದೆ, ಅಷ್ಟೇ. ಕಂಪ್ಯೂಟರ್ ತುಟಿಪಿಟಕ್ಕೆನ್ನದೆ ಒಪ್ಪಿಕೊಂಡಿತು. ಸಮಯಕ್ಕೆ ಸರಿಯಾಗಿ ಪರೀಕ್ಷೆ ತೆರೆಯಿತು. ನರಿಯೊಂದು ಚಂದ್ರನನ್ನು ಅಡವಿಟ್ಟ ಕಥೆ. ಅರ್ಧ ದಾಟುವಷ್ಟರಲ್ಲಿ ನಾನೂ ಆ ನರಿಯ ಬೆನ್ನು ಹತ್ತಿ ಹೊಳೆ ಇಳಿದಿದ್ದೆ. ಒಂದು ಪದ ಮಾತ್ರ ಕೈಗೆ ಸಿಗಲೊಲ್ಲದು. ಪದಕೋಶ ತರಲು ಆಚೆ ಕೋಣೆಗೆ ಹೋದೆ.

ಮರಳಿ ಬಂದರೆ ನನ್ನ ಕುರ್ಚಿಯಲ್ಲಿ ಅಣ್ಣ. ಪರದೆ ಕಪ್ಪು.

"ಏನ್ ಮಾಡ್ದೆ?"

"ನೆಟ್ ಬಂದಿತ್ತಲ್ಲ, ಅದರಲ್ಲೇ ಡ್ರೈವರ್ ಇಳಿಸ್ದೆ. ಒಂದೇ ಒಂದು ಸಲ ರೀಸ್ಟಾರ್ಟ್... ಹಾ! ನೋಡು ನೋಡು, ಬಂತು!"

ಮೂಲೆಯಲ್ಲಿ ವೈ-ಫೈ ಗುರುತು ಬೀಸಣಿಗೆಯಂತೆ ಬಿಚ್ಚಿಕೊಂಡಿತ್ತು. ಅವನ ಮುಖವೂ ಹಾಗೇ ಅರಳಿತ್ತು. ನಾನು ಅವನ ಕೈಯಿಂದ ಮೌಸ್ ಕಿತ್ತುಕೊಂಡು ಪರೀಕ್ಷೆಯ ಪುಟ ತೆರೆದೆ. 'ನಿಮ್ಮ ಪರೀಕ್ಷೆ ಮುಗಿದಿದೆ.'

"ಬೆಳಿಗ್ಗೆ ಹೇಳಿದ್ದೆ. ಮುಚ್ಚಿದ್ರೆ ಮತ್ತೆ ತೆರೆಯಲ್ಲ ಅಂತ."

"ನಾನು... ವೈ-ಫೈ ಬಂದ್ರೆ ನಿನಗೇ ಒಳ್ಳೇದು ಅಂತ..."

"ನನಗಾ? ಫೋನಲ್ಲಿ ನಡೀತಿತ್ತು. ನಾನು ನಡೆಸಿದ್ದೆ. ಅದು ನಿನಗೆ ತಡೀಲಿಲ್ಲ."

ಪದಕೋಶವನ್ನು ಮೇಜಿನ ಮೇಲೆ ಕುಕ್ಕಿದೆ. ಅಮ್ಮ ಬಾಗಿಲಿಗೆ ಬಂದು, "ಹೋಗ್ಲಿ ಬಿಡೇ, ದೊಡ್ಡವನು," ಎಂದಳು.

"ದೊಡ್ಡವನಾದ್ರೆ ದೊಡ್ಡವನ ಥರ ಬರೀಲಿ. ಪ್ರಕಾಶನಕ್ಕೆ. ಇನ್ನೊಂದು ಅವಕಾಶ ಕೊಡಿ ಅಂತ."

ಅವನು ಏಳಲು ಹೊರಟ. ನಾನು ಕುರ್ಚಿಯ ಬೆನ್ನಿಗೆ ಅಡ್ಡ ನಿಂತೆ. ಬೆಳಗಿನಿಂದ ಪಟಪಟನೆ ಕಮಾಂಡ್ ಕುಟ್ಟಿದ ಬೆರಳುಗಳು ಈಗ ಒಂದೊಂದು ಅಕ್ಷರಕ್ಕೂ ತಡಕಾಡಿದವು. ಕೊನೆಗೆ ಮೂಡಿತು: 'ತಾಂತ್ರಿಕ ತೊಂದರೆಯಿಂದಾಗಿ ನನ್ನ ತಂಗಿಗೆ...'

"ತೊಂದರೆಗೆ ಹೆಸರಿಲ್ವಾ?" ಎಂದೆ. "ಅಳಿಸು. ಮತ್ತೆ ಬರಿ."