ಮಡಿಕೋಲಿನ ಮೇಲಿನ ಕೆಂಪು ಕಲೆ

ಸೊಸೆ ಶಾಮಲಾಳ ಮಡಿಸೀರೆಯನ್ನು ಕೋಲಿನಿಂದ ಇಳಿಸುತ್ತಿದ್ದ ತುಳಸಾಬಾಯಿಯವರ ಕೈ ಅಲ್ಲೇ ನಿಂತಿತು. ಸೀರೆಯ ಹಿಂಭಾಗಕ್ಕೆ, ಸೊಂಟದ ಕೆಳಗೆ, ಅಂಗೈಯಗಲ ಕೆಂಪು ಕಲೆ!

ನಾಳೆ ಮನೆಯಲ್ಲಿ ಮಾವನವರ ಶ್ರಾದ್ಧ. ಹಾನಗಲ್ಲಿನ ಇಬ್ಬರು ಆಚಾರ್ಯರಿಗೆ ಹೇಳಿ ಕಳಿಸಿಯೂ ಆಗಿದೆ. ಇದೇ ಸೀರೆ ಉಟ್ಟು ಹುಡುಗಿ ನಿನ್ನೆ ದೇವರ ನೈವೇದ್ಯಕ್ಕೆ ಅಡಿಗೆ ಮಾಡಿದ್ದಳು.

"ಶಾಮಲಾ! ಹೊರಗ ಆಗಿದ್ದನ್ನ ಮುಚ್ಚಿಟ್ಟು ಒಲಿ ಮುಟ್ಟಿದ್ಯಾ?"

ಹಿತ್ತಲಿನಿಂದ ಓಡಿಬಂದ ಶಾಮಲಾ ಕಲೆ ನೋಡಿ ಬೆಪ್ಪಾದಳು. "ಇಲ್ರಿ ಅತ್ಯಾ, ತುಳಸಿ ಆಣೆ! ನನಗಿನ್ನೂ ಹತ್ತು ದಿವಸ ಅದ."

"ಮತ್ತ ಇದೇನು?"

"ನನಗೂ ತಿಳೀವಲ್ತ್ರಿ."

ಹಾಗೆನ್ನುವಾಗ ಅವಳ ಕಣ್ಣು ಹಿತ್ತಲಿನ ಒಗೆಯುವ ಕಲ್ಲಿನ ಕಡೆ ಹೋಗಿ ಬಂತು. ಈ ಹುಡುಗಿ ಏನನ್ನೋ ಬಚ್ಚಿಟ್ಟಿದ್ದಾಳೆ, ಅದರಲ್ಲಿ ಅನುಮಾನವಿಲ್ಲ. ತುಳಸಾಬಾಯಿ, ಹುಡುಗಿ ಹಿಂದಿನ ಸಲ ಹೊರಗಾಗಿದ್ದ ನಾಗರಪಂಚಮಿಯ ಮರುದಿನದಿಂದ ಬೆರಳು ಮಡಿಚುತ್ತ ಬಂದರು. ಹದಿನೆಂಟೇ ದಿವಸ. ಲೆಕ್ಕ ಹಿಡಿದರೆ ಹುಡುಗಿಯ ಮಾತು ಖರೆ. ಕಲೆ ನೋಡಿದರೆ ಸುಳ್ಳು. ಮತ್ತೆ ಎಣಿಸಿದರು, ಮತ್ತೆ ಹದಿನೆಂಟೇ. ಕಣ್ಣನ್ನು ನಂಬಬೇಕೋ, ಬೆರಳನ್ನು ನಂಬಬೇಕೋ? ಅವರ ತಲೆ ಗಿರ್ರೆಂದಿತು.

ಈ ಮನೆಯಲ್ಲಿ ಇಂಥದು ಮೊದಲನೆಯದೂ ಅಲ್ಲ. ಇಪ್ಪತ್ತು ವರ್ಷದ ಹಿಂದೆ, ಇಂಥದೇ ಒಂದು ಶ್ರಾದ್ಧದ ಮುಂದೆ, ಮೈದುನನ ಹೆಂಡತಿ ವಿಮಲಾಬಾಯಿಯ ಸೀರೆಯಲ್ಲಿ ಕೆಂಪು ಕಲೆ ಕಂಡಿತ್ತು. ಆ ವರ್ಷ ಅಂಟುವಾಳಕಾಯಿ ಸಿಗದೆ ಮನೆಯ ಬಟ್ಟೆಯೆಲ್ಲ ಒಲೆಯ ಬೂದಿಯ ನೀರಿನಲ್ಲಿ ಒಗೆದು ಹೆಂಗಸರ ಕೈ ಸೀಳಿಹೋಗಿದ್ದವು. ಕಲೆಯನ್ನು ಮೊದಲು ಕಂಡವರು ತುಳಸಾಬಾಯಿ, ಅತ್ತೆಯ ಕಿವಿಗೆ ಹಾಕಿದವರೂ ಅವರೇ. ವಿಮಲಾ ದೇವರಾಣೆ ಹಾಕಿ ಅತ್ತಳು. ಯಾರು ಕೇಳಬೇಕು? ಚಕ್ಕಡಿ ಹೂಡಿ ಅವಳನ್ನು ತವರೂರು ಆಡೂರಿಗೆ ಬಿಟ್ಟು ಬಂದರು. ಮೈದುನ ಇನ್ನೊಂದು ಮದುವೆಯಾದ. ಅಷ್ಟೇ, ಆಮೇಲೆ ಅವಳ ಹೆಸರನ್ನು ಯಾರೂ ಎತ್ತಲಿಲ್ಲ. ಈಗ ಈ ಕಲೆ ಪಡಸಾಲೆಯಲ್ಲಿ ಕೂತಿದ್ದ ಗಂಡ ರಾಘಣ್ಣನವರ ಕಿವಿಗೆ ಬಿದ್ದರೆ ಅದೇ ಚಕ್ಕಡಿ ಶಾಮಲಾಳ ತವರೂರು ಸವಣೂರಿಗೆ ಹೊರಡುವುದೇ.

"ಖರೇ ಹೇಳು. ಇಲ್ಲಾಂದ್ರ ಇವರನ್ನ ಕರೀತೇನಿ."

ಶಾಮಲಾ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಸಂದಿಯಿಂದ ಅರ್ಧ ಸವೆದ ಸಾಬೂನು ತಂದಳು. "ತಪ್ಪಾತ್ರಿ. ನಿಮ್ಮ ಮಗ ಹುಬ್ಬಳ್ಳಿಯಿಂದ ತಂದದ್ದು. ಅರಿಷಿಣದ ಕೈ ಹಿಂದ ಸೀರಿಗೆ ಒರಸಿಕೊಂಡಿದ್ದೆ. ಕಲಿ ಹೋಗ್ಲೆಂತ ಮುಚ್ಚಂಜಿಯೊಳಗ ಇದನ್ನ ಹಚ್ಚಿ ತಿಕ್ಕಿದೆ. ಹೋತೋ ಇಲ್ಲೋ ನೋಡ್ಲಿಲ್ಲ."

ಸಾಬೂನು! ಯಾವ ದನದ ಕೊಬ್ಬು ಹಾಕಿರುತ್ತಾರೋ ಎಂದು ಅದನ್ನು ಹೊಸ್ತಿಲು ದಾಟಿಸದ ಮನೆ ಇದು. ಬೈಯುವುದಕ್ಕೆ ಬಾಯಿ ತೆರೆದ ತುಳಸಾಬಾಯಿಗೆ ಯಾವುದಕ್ಕೆ ಬೈಯಬೇಕೆಂದೇ ತಿಳಿಯಲಿಲ್ಲ. "ಹಳದಿ ಕಲಿ ತಿಕ್ಕಿದ್ರ ಕೆಂಪ ಆಗ್ತದೇನ? ಯಾರಿಗೆ ಹೇಳ್ತೀಯೇ ಇದನ್ನ?"

ಶಾಮಲಾ ಅಳುತ್ತಲೇ ಒಂದು ನಿಂಬೆಹಣ್ಣು ಹೆಚ್ಚಿ ಕಲೆಯ ಮೇಲೆ ಹಿಂಡಿದಳು. ಹೇಗಾದರೂ ಆ ಕೆಂಪು ಹೋದರೆ ಸಾಕಾಗಿತ್ತು ಅವಳಿಗೆ. ರಸ ಬಿದ್ದಲ್ಲೆಲ್ಲ ಕೆಂಪು ಓಡಿಹೋಗಿ ಹಳದಿ ಬಂತು. ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದರು. ಶಾಮಲಾ ತೊಳೆದು ಸಾಬೂನು ಹಚ್ಚಿದಳು. ಕೆಂಪು. ನಿಂಬೆರಸ ಹಿಂಡಿದಳು. ಹಳದಿ.

"ರಕ್ತ ನಿಂಬಿಹಣ್ಣಿಗೆ ಅರಿಷಿಣ ಆಗ್ತದೇನ್ರಿ ಅತ್ಯಾ?"

ತುಳಸಾಬಾಯಿ ಅಲ್ಲೇ ಕುಸಿದು ಕೂತರು. ಅರಿಷಿಣದ ನೀರಿಗೆ ಸುಣ್ಣ ಹಾಕಿ ಕೆಂಪು ಆರತಿ ಕಲಸಿ ಎಷ್ಟು ಮದುಮಕ್ಕಳ ದೃಷ್ಟಿ ತೆಗೆದಿಲ್ಲ ತಾವು! "ಅಯ್ಯ, ನನ್ನ ಬುದ್ಧಿಗಿಷ್ಟು! ಜೀವಮಾನ ಎಲ್ಲಾ ನಾನ ಕಲಸೇನಿ ಆ ನೀರು." ಅಷ್ಟಾದರೂ ಗೊಂದಲ ಪೂರ್ತಿ ಹರಿಯಲಿಲ್ಲ. ಸುಣ್ಣವೆಲ್ಲಿ, ಸಾಬೂನೆಲ್ಲಿ? ಹಳೇ ಧೋತರದ ಚಿಂದಿಗಳನ್ನು ಅರಿಷಿಣದ ನೀರಿನಲ್ಲಿ ಅದ್ದಿ ಸಾಲಾಗಿ ಹಾಸಿದರು. ಒಂದಕ್ಕೆ ಸುಣ್ಣ ತಾಗಿಸಿದರು, ಕೆಂಪಾಯಿತು. ಮಜ್ಜಿಗೆಗೆ ಹಳದಿಯೇ ಉಳಿಯಿತು. ಅಂಟುವಾಳದ ನೊರೆಗೂ ಹಳದಿಯೇ. ಶಾಮಲಾಗೆ ಅಳುವಿನ ನಡುವೆ ನಗು ಬಂತು, ತುಳಸಾಬಾಯಿಗೂ ಬಂತು. ಹಾಗೇ ನಗುತ್ತ ಒಲೆಯಿಂದ ಒಂದು ಹಿಡಿ ಬೂದಿ ತಂದು ನೀರಿನಲ್ಲಿ ಕದಡಿ ಕೊನೆಯ ಚಿಂದಿಯ ಮೇಲೆ ಸುರಿದರು.

ಚಿಂದಿ ಕೆಂಪಾಯಿತು.

ತುಳಸಾಬಾಯಿಯವರ ನಗು ನಿಂತಿತು. ಅದೇ ಕೆಂಪು. ಆ ವರ್ಷ ಬಟ್ಟೆ ಒಗೆದದ್ದೂ ಬೂದಿಯ ನೀರಿನಲ್ಲೇ. ಇಪ್ಪತ್ತು ವರ್ಷದ ಹಿಂದೆ ಅತ್ತೆಯ ಮುಂದೆ ತಾವು ಬೆರಳು ಮಾಡಿ ತೋರಿಸಿದ್ದ ಕೆಂಪು.

"ಏನ ಗದ್ದಲ ಅದು?" ಎಂದು ರಾಘಣ್ಣನವರು ಪಡಸಾಲೆಯಿಂದ ಕೇಳಿದರು.

"ಚಕ್ಕಡಿ ಹೂಡಸ್ರಿ."

ಶಾಮಲಾ ಹೌಹಾರಿ ಅತ್ತೆಯ ಸೆರಗು ಹಿಡಿದಳು. ತುಳಸಾಬಾಯಿ ಅವಳ ತಲೆ ಸವರಿದರು. "ನಿನಗಲ್ಲವಾ, ನನಗ."

"ಎಲ್ಲಿಗೆ ಹೊಂಟಿ? ನಾಳೆ ಶ್ರಾದ್ಧ ಅದ!" ಎನ್ನುತ್ತ ರಾಘಣ್ಣನವರು ಬಾಗಿಲಿಗೇ ಬಂದರು.

"ಆಡೂರಿಗೆ. ವಿಮಲಾನ ಕಡೆ. ನಾಳೆ ಶ್ರಾದ್ಧ ಅದ ಅಂತನ ಇವತ್ತ ಹೋಗಬೇಕು." ಅವರು ಕೆಂಪು ಚಿಂದಿಯನ್ನು ಹಿಂಡಿ ಮಡಿಚಿಕೊಂಡರು. "ಅವತ್ತ ಮೊದಲ ಹೇಳಿದಾಕಿ ನಾನ. ಸುಳ್ಳು ಅಂತ ಹೇಳಬೇಕಾದಾಕಿನೂ ನಾನ."